ಬಾಗಿಲು ತೆರೆದು ಗೋಡೆಗೆ ಮುಖಮಾಡುವ ಕಲ್ಲಪ್ಪ

ಬೆಳಗಿನ ಐದೂಮುಕ್ಕಾಲು. ಡಮ್ ಡಮ್ ಕಡೆಯಿಂದ ಬಂದ ಲೋಕಲ್ ಟ್ರೈನು ದಕ್ಷಿಣೇಶ್ವರದಲ್ಲಿ ನಿಲ್ಲುತ್ತದೆ. ಇಳಿದವರಲ್ಲಿ ಹೆಚ್ಚಿನವರು ದೇವಿಯ ದರ್ಶನಕ್ಕೆ ಬಂದವರು. ಕೈಯಲ್ಲಿ ಹೂವು, ತಟ್ಟೆ, ಗಂಗೆಯ ನೀರಿಗೆಂದು ತಂದ ಖಾಲಿ ಬಾಟಲಿ. ಅವರ ನಡುವೆ ಒಬ್ಬರ ಹೆಗಲಲ್ಲಿ ಮಾತ್ರ ಕಬ್ಬಿಣದ ಸಾಮಾನು ತುಂಬಿದ ಕ್ಯಾನ್ವಾಸ್ ಚೀಲ. ಹೆಜ್ಜೆಗೊಮ್ಮೆ ಅದು ಮೆಲ್ಲಗೆ ಗಣ್ ಅನ್ನುತ್ತದೆ. ಗುಡಿಯ ಶಿಖರ ಕಾಣುವ ತಿರುವಿನಲ್ಲಿ ಆ ಮನುಷ್ಯ ಚೀಲವನ್ನು ಎಡ ಹೆಗಲಿಗೆ ಬದಲಿಸಿ, ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡು, ನಿಲ್ಲದೆ ನಡೆಯುತ್ತಾರೆ. ಗುಡಿಯ ಬಾಗಿಲು ತೆರೆಯಲು ಬೇರೆಯವರಿದ್ದಾರೆ. ಇವರು ತೆರೆಯಬೇಕಾದ ಬಾಗಿಲು ಇನ್ನೂ ಇನ್ನೂರು ಹೆಜ್ಜೆ ಮುಂದಿದೆ.

ಇವರು ಕಲ್ಲಪ್ಪ ಹೊಸಮನಿ. ವಯಸ್ಸು ಐವತ್ತೊಂಬತ್ತು. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬೆಳೆದದ್ದು ಕಾಂಚ್ರಾಪಾಡಾದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಪೂರ್ವಸಾಗರ ಬ್ಯಾಂಕಿನ ಹಳೆಯ ಶಾಖೆಗಳಲ್ಲಿರುವ ಸ್ಟ್ರಾಂಗ್ ರೂಮುಗಳ ಉಕ್ಕಿನ ಬಾಗಿಲು ನೋಡಿಕೊಳ್ಳುವ ಮಿಸ್ತ್ರಿ. ಮೂರು ತಿಂಗಳಿಗೊಮ್ಮೆ ಪ್ರತಿ ಬಾಗಿಲಿಗೂ ಎಣ್ಣೆ, ಒರೆಸುವಿಕೆ, ಪರೀಕ್ಷೆ. ಗಿರಾಕಿಗಳು ಬರುವ ಮೊದಲೇ ಎಲ್ಲ ಮುಗಿಯಬೇಕು. ಅದಕ್ಕೇ ಇವರ ದಿನ ಹೂವಿನವರ ದಿನದ ಜತೆಗೆ ಶುರುವಾಗುತ್ತದೆ.

ಶಾಖೆಯ ಕಾವಲುಗಾರ ಪುರುಷೋತ್ತಮ ಸಾಹು ಗ್ರಿಲ್ ಸರಿಸಿ, ಏನು ಕಲ್ಲಪ್ಪ ದಾದಾ, ಮುದುಕಿಗೆ ಸ್ನಾನ ಮಾಡಿಸಲು ಬಂದಿರಾ ಎಂದು ಹಿಂದಿಯಲ್ಲಿ ಕೀಟಲೆ ಮಾಡುತ್ತಾರೆ. ಮುದುಕಿ ಎಂದರೆ ಬಾಗಿಲು. ಒಳಗೆ ಮ್ಯಾನೇಜರ್ ವರ್ಷಿಣಿ ಮತ್ತು ಹೆಡ್ ಕ್ಯಾಷಿಯರ್ ಆಗಲೇ ಬಂದು ಕೂತಿದ್ದಾರೆ. ಈ ಬಾಗಿಲಿಗೆ ಎರಡು ಬೀಗ, ಎರಡು ಬೀಗದಕೈ. ಒಂದು ಮ್ಯಾನೇಜರ್ ಬಳಿ, ಇನ್ನೊಂದು ಕ್ಯಾಷಿಯರ್ ಬಳಿ. ಇಬ್ಬರೂ ಕೂಡಿ ಬಾರದೆ ಬಾಗಿಲು ಬಾಯಿ ಬಿಡುವುದಿಲ್ಲ. ಲೋಕದ ಎಲ್ಲ ಬ್ಯಾಂಕುಗಳ ನಡೆಯೂ ಇಷ್ಟೇ: ಒಬ್ಬರನ್ನೇ ನಂಬುವುದಿಲ್ಲ, ಇಬ್ಬರನ್ನು ಕೂಡಿಸಿ ನಂಬುತ್ತವೆ.

ಕಲ್ಲಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದು ಬರುತ್ತಾರೆ. ಬಾಗಿಲು ಆಳೆತ್ತರಕ್ಕಿಂತ ಎತ್ತರ, ಒಂದು ಗೇಣು ದಪ್ಪ, ಬಣ್ಣ ಬೂದು. ನಡುವೆ ಹಡಗಿನ ಚಕ್ರದಂಥ ಹಿಡಿ. ಮೇಲುಗಡೆ, ಬಲಮೂಲೆಯಲ್ಲಿ, ಕಿರುಬೆರಳ ತುದಿಯಷ್ಟು ಒಂದು ಹಿತ್ತಾಳೆಯ ಕೊಕ್ಕೆ. ಅದಕ್ಕೆ ನಿನ್ನೆಯ ದಾಸವಾಳದ ಸರ ಬಾಡಿಕೊಂಡು ಜೋತುಬಿದ್ದಿದೆ. ಕಲ್ಲಪ್ಪ ಮೊದಲು ಅದನ್ನು ಬಿಡಿಸಿ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ. ಈ ಕೊಕ್ಕೆಯ ಕಥೆಗೆ ಆಮೇಲೆ ಬರೋಣ. ಈ ಬರಹ ಹುಟ್ಟಿದ್ದೇ ಅದರಿಂದ.

ಎಣ್ಣೆಯನ್ನು ಇವರು ಸುರಿಯುವುದಿಲ್ಲ. ಕೊಕ್ಕರೆಯ ಪುಕ್ಕವೊಂದನ್ನು ಅದ್ದಿ, ಸಂದಿಯ ಅಂಚಿಗೆ ತಾಗಿಸಿ, ಅದು ತಾನಾಗಿ ಒಳಗೆ ಇಳಿಯುವುದನ್ನು ಕಾಯುತ್ತಾರೆ. ಇಡೀ ಬಾಗಿಲಿಗೆ ಒಂದೂವರೆ ಚಮಚ. ಆಮೇಲೆ ಕಿವಿಯನ್ನು ಉಕ್ಕಿಗೆ ಒತ್ತಿ ಚಕ್ರವನ್ನು ಕೂದಲೆಳೆಯಷ್ಟು ಆಡಿಸುತ್ತಾರೆ. ಒಳಗಿನ ಹತ್ತು ಅಗುಳಿಗಳೂ ಒಂದೇ ಉಸಿರಿನಲ್ಲಿ ಅಲ್ಲಾಡಿದರೆ ಸರಿ. ಒಂದು ಹಿಂದೆ ಬಿದ್ದರೂ ಇವರಿಗೆ ಕೇಳಿಸುತ್ತದೆ. ಪಕ್ಕದಲ್ಲಿ ನಿಂತ ನಮಗೆ ಕೇಳಿಸುವುದು ಹೊರಗಿನ ಕಾಗೆಗಳು ಮಾತ್ರ.

ಒಳಗೆ ಏನೇನಿದೆ ಎಂದು ಕೇಳಿದರೆ ಇವರ ಉತ್ತರ ಚಿಕ್ಕದು. "ನನ್ನ ಕೇಳಬ್ಯಾಡ್ರಿ. ನಾ ನೋಡಿಲ್ಲ."

ಇದು ವಿನಯದ ಮಾತಲ್ಲ, ನಿಜ. ಮೂವತ್ನಾಲ್ಕು ವರ್ಷದಿಂದ ಬಾಗಿಲು ತೆರೆಯುತ್ತಿರುವ ಈ ಮನುಷ್ಯ ಒಂದೇ ಒಂದು ಸ್ಟ್ರಾಂಗ್ ರೂಮಿನ ಒಳಗನ್ನು ಕಂಡಿಲ್ಲ. ಕೊನೆಯ ಅಗುಳಿ ಸರಿದ ಸಪ್ಪಳ ಕೇಳಿದ ಕೂಡಲೆ ಇವರು ಚಕ್ರದಿಂದ ಕೈ ತೆಗೆದು, ತಿರುಗಿ, ಎದುರಿನ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಾರೆ. ಬಾಗಿಲನ್ನು ಎಳೆಯುವವರು, ಒಳಗೆ ಹೋಗುವವರು ಬೀಗದಕೈ ಇರುವವರೇ. ಮತ್ತೆ ಮುಚ್ಚುವವರೆಗೂ ಇವರು ಗೋಡೆ ನೋಡುತ್ತಾರೆ. "ಜನಾ ತಮ್ಮ ಮನ್ಯಾಗ ಇಟ್ಕೊಳ್ಳಾಕ ಅಂಜಿ ಇಲ್ಲಿ ತಂದಿಟ್ಟಿರ್ತಾರ. ಅದನ್ನ ನಾ ಯಾಕ ನೋಡ್ಲಿ? ನನ್ನ ಕೆಲಸ ಹೊಸ್ತಲಾ ತನಕ."

ಈ ನಡೆ ಕಲಿಸಿದ್ದು ಇವರ ಉಸ್ತಾದ್, ಮೆಟಿಯಾಬ್ರುಜ್ ಕಡೆಯ ಒಬ್ಬ ಹಿರಿಯ ಮುಸ್ಲಿಂ ಮಿಸ್ತ್ರಿ. ತೊಂಬತ್ತೊಂದನೆಯ ಇಸವಿಯಲ್ಲಿ, ರೈಲ್ವೆಯಲ್ಲಿ ಅಪ್ಪನ ಹಾಗೆ ಫಿಟ್ಟರ್ ಕೆಲಸ ಸಿಗದೆ ಅಲೆಯುತ್ತಿದ್ದ ಕಲ್ಲಪ್ಪನನ್ನು ಅವರು ಜತೆಗೆ ಹಾಕಿಕೊಂಡರಂತೆ. ಮೊದಲ ಒಂದು ವರ್ಷ ಇವರಿಗೆ ಕೊಟ್ಟ ಕೆಲಸ ಬಾಗಿಲು ಒರೆಸುವುದು, ತಿರುಗಿ ನಿಲ್ಲುವುದು, ಇಷ್ಟೇ. ಎರಡನೆಯ ವರ್ಷ ಉಸ್ತಾದ್ ಇನ್ನೊಂದು ಮಾತು ಹೇಳಿದರು. ಯಾವ ಬಾಗಿಲನ್ನೂ ಮುಟ್ಟುವ ಮೊದಲು ಅದರ ತವರುಮನೆ ಯಾವುದು ಎಂದು ಕೇಳು.

ಈ ಮಾತು ತಿಳಿಯಬೇಕಾದರೆ ಬ್ಯಾಂಕಿನ ಕಥೆ ಗೊತ್ತಿರಬೇಕು. ಹಳ್ಳಿಗಳಲ್ಲಿ ಕಥೆ ಹೇಳುವ ಹಿರಿಯರು ದೊಡ್ಡ ಮನೆತನದ ಕಥೆಯನ್ನು ಯಜಮಾನನಿಂದ ಶುರುಮಾಡುವುದಿಲ್ಲ. ಆ ಮನೆಗೆ ಯಾವ ಯಾವ ಊರಿಂದ ಸೊಸೆಯಂದಿರು ಬಂದರು ಎನ್ನುವಲ್ಲಿಂದ ಶುರುಮಾಡುತ್ತಾರೆ. ಪೂರ್ವಸಾಗರದ ಕಥೆಯೂ ಹಾಗೆಯೇ. ನೂರಾ ಹತ್ತು ವರ್ಷದ ಹಿಂದೆ ಸ್ಟ್ರಾಂಡ್ ರಸ್ತೆಯ ಗೋದಾಮೊಂದರಲ್ಲಿ ನಾಲ್ಕು ಮಂದಿ ವ್ಯಾಪಾರಿಗಳು ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟುಕೊಂಡು ಕೂತರು. ಅದು ಮೂಲದ ಮನೆ. ಆಮೇಲೆ ಶಾಂತಿಪುರದ ನೇಕಾರರು ಕಟ್ಟಿಕೊಂಡ ಪುಟ್ಟ ಬ್ಯಾಂಕು ಬಂದು ಸೇರಿತು. ಜಲ್‌ಪಾಯ್‌ಗುಡಿಯ ಚಹಾ ತೋಟದವರದ್ದು ಸೇರಿತು. ಹೌರಾದ ಸೆಣಬಿನ ವ್ಯಾಪಾರಿಗಳದ್ದು ಸೇರಿತು. ಎಪ್ಪತ್ತರ ದಶಕದಲ್ಲಿ, ನಮ್ಮ ಕರಾವಳಿಯಲ್ಲಿ ಹುಟ್ಟಿ ಬಡಾಬಜಾರಿನಲ್ಲಿ ಒಂದು ಶಾಖೆ ತೆರೆದಿದ್ದ ಕುಮಾರಧಾರಾ ಬ್ಯಾಂಕೂ ಬಂದು ಸೇರಿತು. ಹೀಗೆ ಇನ್ನೆರಡು ಸಣ್ಣವೂ ಸೇರಿ ಒಟ್ಟು ಏಳು.

ಇವತ್ತು ಆ ಮನೆ ಎಷ್ಟು ದೊಡ್ಡದೆಂದರೆ ಒಳಗಿರುವವರಿಗೇ ಅದರ ಕೊನೆ ಕಾಣುವುದಿಲ್ಲ. ಎರಡು ಸಾವಿರಕ್ಕೂ ಮಿಕ್ಕಿದ ಶಾಖೆಗಳು. ಅದರ ಆಸರೆಯಲ್ಲಿ ಎರಡು ಗ್ರಾಮೀಣ ಬ್ಯಾಂಕುಗಳು, ಮನೆಸಾಲಕ್ಕೊಂದು ಕಂಪನಿ, ಕಾರ್ಡಿಗೊಂದು, ವಿಮೆಗೊಂದು. ಶಾಖೆಯ ಮೇಲೆ ಪ್ರಾದೇಶಿಕ ಕಚೇರಿ, ಅದರ ಮೇಲೆ ವಲಯ ಕಚೇರಿ, ಎಲ್ಲದರ ಮೇಲೆ ಪ್ರಧಾನ ಕಚೇರಿ. ಅಲ್ಲಿನ ಗೋಡೆಯ ಮೇಲೆ ಈ ಏರ್ಪಾಟಿನ ಚಿತ್ರವೊಂದಿದೆ. ಬೇರು ಮೇಲಾಗಿ ಬಿಳಲು ಕೆಳಗಾದ ಆಲದ ಮರದ ಹಾಗೆ ಕಾಣುತ್ತದೆ. ಕಲ್ಲಪ್ಪ ಆ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಇವರು ನೌಕರರಲ್ಲ, ಬಾಗಿಲಿಗಿಷ್ಟು ಎಂದು ಕೂಲಿ ಪಡೆಯುವವರು.

ಆದರೆ ಇವರ ಚೀಲದಲ್ಲೊಂದು ರಟ್ಟಿನ ಪುಸ್ತಕವಿದೆ. ಶಾಲೆಯ ಮಕ್ಕಳ ನೂರು ಹಾಳೆಯ ನೋಟ್‌ಬುಕ್ಕು. ಪ್ರತಿ ಬಾಗಿಲಿಗೊಂದು ಪುಟ, ಪುಟದ ತಲೆಯ ಮೇಲೆ ಅದರ ತವರು. ಬ್ಯಾಂಕುಗಳು ಸೇರಿದಾಗ ಬೋರ್ಡು ಬದಲಾಯಿತು, ಚೆಕ್ಕು ಬದಲಾಯಿತು, ಕಂಪ್ಯೂಟರು ಬಂದು ಎಲ್ಲರ ಲೆಕ್ಕವನ್ನೂ ಒಂದೇ ಮಾಡಿತು. ಗೋಡೆಯೊಳಗೆ ಹೂತ ಉಕ್ಕಿನ ಬಾಗಿಲನ್ನು ಮಾತ್ರ ಯಾರೂ ಬದಲಿಸಲಿಲ್ಲ. ಅದು ತನ್ನ ತವರಿನ ರೂಢಿಯನ್ನು ಹಿಡಿದುಕೊಂಡೇ ಉಳಿಯಿತು.

"ಶಾಂತಿಪುರದ್ದು ಎಡಕ್ಕ ತಿರಗತೈತ್ರಿ, ಮಗ್ಗದ ಮಂದಿ ಎಡಗೈಲೇ ಲಾಳಿ ಹಿಡೀತಿದ್ರಂತ. ಚಹಾದವರದ್ದು ಒಳಗೆಲ್ಲಾ ಹಿತ್ತಾಳಿ, ಅಲ್ಲಿ ಥಂಡಿಗೆ ಕಬ್ಬಿಣ ತುಕ್ಕ ಹಿಡೀತೈತಿ. ಹೌರಾದ ಸೆಣಬಿನವರದ್ದು ಭಾಳ ಬಿಗಿ, ಚಕ್ರಾ ಜಗ್ಗಿದ್ರ ಸಿಟ್ಟಿಗೇಳತೈತಿ, ಮೊದಲ ಸ್ವಲ್ಪ ದೂಡಬೇಕು." ಸೊಸೆಯಂದಿರ ಗುಣ ಹೇಳುವ ಅತ್ತೆಯ ಹಾಗೆ ಹೇಳುತ್ತ ಹೋಗುತ್ತಾರೆ. ಆದರೆ ಒಂದರ ಬಗ್ಗೆಯೂ ದೂರಿಲ್ಲ.

ಕಷ್ಟಗಳನ್ನು ಕೇಳಿದರೆ ಇವರು ಹೆಂಡತಿಯ ಕಡೆ ಕೈ ತೋರಿಸುತ್ತಾರೆ. ಡಮ್ ಡಮ್ಮಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ತುಳಸಿ ಗರಿಯಾಹಾಟಿನ ಸೀರೆ ಅಂಗಡಿಗಳಿಗೆ ಫಾಲ್ ಹೊಲಿದುಕೊಡುತ್ತಾರೆ. ಮನೆ ನಡೆದದ್ದು ಹೆಚ್ಚಾಗಿ ಆ ಸೂಜಿಯಿಂದಲೇ. ತುಳಸಿ ಅದನ್ನು ನಗುತ್ತಲೇ ಹೇಳುತ್ತಾರೆ. "ಬಾಗಲಾ ಕೆಟ್ರ ಕರೀತಾರ. ಇವರು ಎಣ್ಣಿ ಹಾಕಿದ ಬಾಗಲಾ ಕೆಡಂಗಿಲ್ಲ. ಕೆಲಸಾ ಛಲೋ ಮಾಡಿ ಮಾಡೇ ಮನ್ಯಾಗ ಕುಂತಾರ ನೋಡ್ರಿ." ಮಗಳು ಪೂರ್ವಿ ಕಾಲೇಜಿಗೆ ಹೊರಟವಳು ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಸೇರಿಸುತ್ತಾಳೆ: ಬಾಬಾ ನಮ್ಮ ಜತೆ ಆಡುವ ಮಾತಿಗಿಂತ ಬಾಗಿಲುಗಳ ಜತೆ ಆಡುವುದೇ ಜಾಸ್ತಿ. ಕಲ್ಲಪ್ಪನವರ ಎಡಗೈ ಹೆಬ್ಬೆರಳು ಚಪ್ಪಟೆಯಾಗಿದೆ. ತೊಂಬತ್ತೆಂಟರಲ್ಲಿ ಜಲ್‌ಪಾಯ್‌ಗುಡಿಯ ಬಾಗಿಲೊಂದು ಅದನ್ನು ಅಪ್ಪಚ್ಚಿ ಮಾಡಿತು. ಅದರ ಬಗ್ಗೆಯೂ ದೂರಿಲ್ಲ. ನನ್ನದೇ ಅವಸರ ಎನ್ನುತ್ತಾರೆ.

ಕಳೆದ ವರ್ಷ ಏಪ್ರಿಲ್ಲಿನಲ್ಲಿ ಆ ಕರೆಯೂ ನಿಂತಿತು. ಬ್ಯಾಂಕು ಎಲ್ಲ ಶಾಖೆಗಳ ದುರಸ್ತಿಯನ್ನೂ ಒಂದೇ ಕಂಪನಿಗೆ ಗುತ್ತಿಗೆ ಕೊಟ್ಟಿತು. ಕಲ್ಲಪ್ಪನಿಗೆ ಯಾರೂ ಬೇಡ ಎನ್ನಲಿಲ್ಲ. ಕರೆಯಲಿಲ್ಲ, ಅಷ್ಟೆ. ಇವರು ಚೀಲವನ್ನು ಮಂಚದ ಕೆಳಗಿಟ್ಟು, ತಿಂಗಳಿಗೊಮ್ಮೆ ಹೊರತೆಗೆದು ಸಾಮಾನುಗಳಿಗೆ ಎಣ್ಣೆ ಹಚ್ಚಿ ಮತ್ತೆ ಒಳಗಿಡುತ್ತಿದ್ದರು.

ಆಶ್ವಯುಜ ಬಂತು. ಊರೆಲ್ಲ ದುರ್ಗಾಪೂಜೆಯ ಪೆಂಡಾಲು. ತದಿಗೆಯ ಸೋಮವಾರ ಬೆಳಿಗ್ಗೆ ದಕ್ಷಿಣೇಶ್ವರ ಶಾಖೆಯ ಸ್ಟ್ರಾಂಗ್ ರೂಮು ತೆರೆಯಲಿಲ್ಲ.

ಮೂವತ್ತು ವರ್ಷದಿಂದ ಆ ಬಾಗಿಲನ್ನು ದಿನವೂ ತೆರೆದಿದ್ದ ಹಿರಿಯ ಕ್ಯಾಷಿಯರ್ ಹಿಂದಿನ ವಾರವಷ್ಟೇ ನಿವೃತ್ತರಾಗಿ ಮಗನ ಊರಿಗೆ ಹೋಗಿದ್ದರು, ಫೋನಿಗೂ ಸಿಗಲಿಲ್ಲ. ಅವರು ತೆರೆಯುತ್ತಿದ್ದುದು ಕೈಯ ರೂಢಿಯಿಂದ. ಅದನ್ನು ಬರೆದಿಡಬೇಕೆಂದು ಅವರಿಗೂ ಹೊಳೆಯಲಿಲ್ಲ, ಕೇಳಬೇಕೆಂದು ಬೇರೆಯವರಿಗೂ ಹೊಳೆಯಲಿಲ್ಲ. ಹೊಸ ಕ್ಯಾಷಿಯರ್ ಬಂದದ್ದು ಅದೇ ಸೋಮವಾರ. ಮೈಸೂರಿನಿಂದ ವರ್ಗವಾಗಿ ಬಂದ ವರ್ಷಿಣಿ ಮ್ಯಾನೇಜರ್ ಕುರ್ಚಿಯಲ್ಲಿ ಕೂತದ್ದೂ ಅದೇ ಸೋಮವಾರ.

"ನಿಯಮದ ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೆವು" ಎಂದು ವರ್ಷಿಣಿ ನೆನೆಯುತ್ತಾರೆ. "ಮೊದಲು ಮ್ಯಾನೇಜರ್ ಕೀ, ಆಮೇಲೆ ಕ್ಯಾಷಿಯರ್ ಕೀ. ಒಳಗೆ ಏನೋ ಟಕ್ ಅಂತ ಬಿತ್ತು. ಅಷ್ಟೇ, ಆಮೇಲೆ ಚಕ್ರ ಅಲ್ಲಾಡಲಿಲ್ಲ. ಆ ಸದ್ದು ಈಗಲೂ ನನ್ನ ಕಿವೀಲಿದೆ."

ದಿನದ ವ್ಯವಹಾರಕ್ಕೆ ಪಕ್ಕದ ಶಾಖೆಯಿಂದ ಹಣ ತರಿಸಿದರು. ಅದಲ್ಲ ಕಷ್ಟವಾದದ್ದು. ಸ್ಟ್ರಾಂಗ್ ರೂಮಿನ ಒಳಗೇ ಗಿರಾಕಿಗಳ ಲಾಕರುಗಳಿವೆ. ಅದರಲ್ಲೊಂದು ನೀಹಾರಬಾಲಾ ಘೋಷಾಲ್ ಅವರದು. ಎಂಬತ್ನಾಲ್ಕು ವರ್ಷದ ಈ ಅಜ್ಜಿಯ ಮನೆಯಲ್ಲಿ ನೂರಾ ಮೂವತ್ತು ವರ್ಷದಿಂದ ದುರ್ಗಾಪೂಜೆ ನಡೆದು ಬಂದಿದೆ. ಆ ಮನೆಯ ಮಣ್ಣಿನ ಮೂರ್ತಿಗೆ ಎರಡು ಕಣ್ಣನ್ನು ಕಲಾವಿದ ಬಣ್ಣದಲ್ಲಿ ಬರೆಯುತ್ತಾನೆ. ಹಣೆಗಣ್ಣು ಮಾತ್ರ ಹುಣಸೆಬೀಜದಷ್ಟು ಚಿನ್ನದ್ದು. ಷಷ್ಠಿಯ ಸಂಜೆ ಮನೆಯ ಹಿರಿಯ ಸೊಸೆ ತನ್ನ ಕೈಯಾರೆ ಅದನ್ನು ಇಡಬೇಕು. ಇಟ್ಟ ಮೇಲೆಯೇ ದೇವಿಯನ್ನು ಎಚ್ಚರಿಸುವ ಪೂಜೆ. ವರ್ಷವಿಡೀ ಆ ಕಣ್ಣು ಲಾಕರಿನಲ್ಲಿರುತ್ತದೆ, ಪಂಚಮಿಯೊಳಗೆ ಹೊರಬರಬೇಕು. ಪಂಚಮಿ ಕಳೆದರೆ ಬ್ಯಾಂಕಿಗೆ ದಶಮಿಯವರೆಗೆ ರಜೆ.

ಮಂಗಳವಾರ ಕಂಪನಿಯ ತಂತ್ರಜ್ಞರು ಬಂದು ದಿನವಿಡೀ ಹೆಣಗಿದರು. ಬಾಗಿಲು ಕದಲಲಿಲ್ಲ. ಬುಧವಾರ, ಪಂಚಮಿಯ ದಿನ, ಹನ್ನೊಂದು ಗಂಟೆಗೆ ಗ್ಯಾಸ್ ಕಟರ್ ತಂದು ಕೊಯ್ಯುವುದೆಂದು ಮೇಲಿನಿಂದ ತೀರ್ಮಾನವಾಯಿತು. ಬಾಗಿಲಿಗೆ ಒತ್ತಿಕೊಂಡಂತೆ ಇರುವ ಮೊದಲ ಸಾಲಿನ ಲಾಕರುಗಳಿಗೆ ಬೆಂಕಿಯ ಕಾವು ತಾಗಬಹುದು, ಒಳಗಿನದ್ದಕ್ಕೆ ಭರವಸೆ ಕೊಡಲಾಗದು ಎಂದೂ ಅವರು ಹೇಳಿದರು. ನೀಹಾರಬಾಲಾ ಅವರ ಲಾಕರು ಮೊದಲ ಸಾಲಿನದು.

ಅಜ್ಜಿ ಎರಡು ದಿನವೂ ಹತ್ತು ಗಂಟೆಗೆ ಬಂದು, ಛತ್ರಿ ಮಡಚಿ, ಖಾಲಿ ಬೆಳ್ಳಿ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಗದರಲಿಲ್ಲ. ಮಂಗಳವಾರ ಸಂಜೆ ಏಳುವಾಗ ವರ್ಷಿಣಿಯ ಕೈ ಹಿಡಿದು ಬಂಗಾಳಿಯಲ್ಲಿ ಅಂದದ್ದು ಇಷ್ಟು: "ನಿನ್ನ ತಪ್ಪಲ್ಲ, ಮಾ. ಆದರೆ ಷಷ್ಠಿಯ ಸಂಜೆ ನಾನು ಅವಳ ಮುಖ ನೋಡಿ ಏನು ಹೇಳಲಿ?"

ಆ ಸಂಜೆ ಪುರುಷೋತ್ತಮ ತನ್ನ ಹಳೆಯ ಫೋನಿನಲ್ಲಿ ಒಂದು ನಂಬರು ಹುಡುಕಿ ತೆಗೆದರು. ಡಮ್ ಡಮ್ಮಿನಲ್ಲಿ ಫೋನು ಎತ್ತಿದ್ದು ತುಳಸಿ. ಆರು ತಿಂಗಳು ತಿರುಗಿ ನೋಡದವರು ಕರೆದರೆಂದು ಓಡಬೇಡಿ ಎಂದು ಅವರು ಗಂಡನಿಗೆ ಹೇಳಿದ್ದು ಹೌದಂತೆ. ಹೇಳಿ ತಿರುಗುವಷ್ಟರಲ್ಲಿ ಮಂಚದ ಕೆಳಗಿನಿಂದ ಚೀಲ ಹೊರಬಂದಿತ್ತು.

ಬುಧವಾರ ಬೆಳಿಗ್ಗೆ ಐದೂವರೆಗೆ ಕಲ್ಲಪ್ಪ ಆ ಬಾಗಿಲ ಮುಂದೆ ನಿಂತರು. ಬ್ಯಾಂಕಿನ ಕಾಗದದಲ್ಲೂ ಇವರ ನೋಟ್‌ಬುಕ್ಕಿನಲ್ಲೂ ಒಂದೇ ಮಾತಿತ್ತು: ತವರು ಹೌರಾ, ಸೆಣಬಿನವರ ಬಾಗಿಲು. ಬಾಗಿಲು ಸರಿಯಾಗಿ ನಡೆದಷ್ಟು ದಿನ ಎಣ್ಣೆ ಹಾಕಿ ಹೋಗಿದ್ದ ಇವರು ಅದನ್ನು ಸಂಶಯಿಸಿರಲಿಲ್ಲ, ಕೀ ತಿರುಗಿಸುವವರ ಕೈ ನೋಡುವುದೂ ಇವರ ರೂಢಿಯಲ್ಲ. ಸೆಣಬಿನವರ ಬಾಗಿಲಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದರು. ಮೊದಲು ದೂಡಿದರು, ಆಮೇಲೆ ಚಕ್ರ ಎಳೆದರು, ಕೀ ಮರಳಿಸಿದರು, ಮತ್ತೆ ದೂಡಿದರು. ಒಂದೂವರೆ ತಾಸು ಹೋಯಿತು. ಏನೂ ಆಗಲಿಲ್ಲ.

"ಆವಾಗ ನಾ ಹೆದರಿದೆ ನೋಡ್ರಿ" ಎನ್ನುತ್ತಾರೆ ಕಲ್ಲಪ್ಪ. "ಬಾಗಲಾ ಹಟಾ ಮಾಡ್ತಿರಲಿಲ್ಲ. ನಾ ಕರಿಯೋ ಹೆಸರ ಅದರದ್ದಲ್ಲ ಅನ್ನೋಹಂಗ ಸುಮ್ಮನ ನಿಂತಿತ್ತು."

ಚೀಲ ಕೆಳಗಿಟ್ಟು, ಮಣ್ಣಿನ ಕುಡಿಕೆಯಲ್ಲಿ ಪುರುಷೋತ್ತಮ ತಂದುಕೊಟ್ಟ ಚಹಾ ಕುಡಿದು, ಇವರು ಸಾಮಾನೆಲ್ಲ ಬಿಟ್ಟು ಬರಿಗೈಯಲ್ಲಿ ಎದ್ದರು. ಎಮ್ಮೆಯ ಮೈ ತಿಕ್ಕುವ ಹಾಗೆ ಇಡೀ ಬಾಗಿಲನ್ನು ಅಂಗೈಯಿಂದ ಸವರುತ್ತ ಹೋದರು. ಕೆಳಗಿನಿಂದ ಮೇಲೆ, ಎಡದಿಂದ ಬಲಕ್ಕೆ. ಸ್ಟೂಲು ಹತ್ತಿದರು. ಮೇಲುಗಡೆ ಬಲಮೂಲೆಯಲ್ಲಿ, ದಪ್ಪ ಬಣ್ಣದ ಅಡಿಯಲ್ಲಿ, ಗುಳ್ಳೆಯ ಹಾಗೆ ಏನೋ ಕೈಗೆ ತಾಗಿತು. ಉಗುರಿನಿಂದ ಕೆರೆದರು. ಆಮೇಲೆ ಅರದಿಂದ. ಐದು ಪದರ ಬಣ್ಣ ಉದುರಿ ಒಳಗಿಂದ ಹಿತ್ತಾಳೆ ಮಿನುಗಿತು. ಹೂವಿನ ಸರ ಹಾಕುವ ಒಂದು ಪುಟ್ಟ ಕೊಕ್ಕೆ.

ಸ್ಟೂಲಿನ ಮೇಲೆ ನಿಂತೇ ಇವರು ನಕ್ಕುಬಿಟ್ಟರಂತೆ. ಕೆಳಗೆ ಬಿಳಿಚಿಕೊಂಡು ನಿಂತಿದ್ದ ವರ್ಷಿಣಿಗೆ, ಮ್ಯಾಡಮ್ಮಾರ, ಇದು ಹೌರಾದ್ದಲ್ಲ, ನಿಮ್ಮ ನಮ್ಮ ಸೀಮೀದು ಎಂದರಂತೆ.

ಬಾಗಿಲಿಗೆ ಹೂವಿನ ಕೊಕ್ಕೆ ಇಡಿಸುತ್ತಿದ್ದವರು ಏಳು ಬ್ಯಾಂಕುಗಳಲ್ಲಿ ಒಬ್ಬರೇ, ಕುಮಾರಧಾರಾದವರು. ಅವರ ಶಾಖೆಗಳಲ್ಲಿ ಬೆಳಿಗ್ಗೆ ಮಲ್ಲಿಗೆಯ ಸರ ಏರಿಸಿಯೇ ಸ್ಟ್ರಾಂಗ್ ರೂಮು ತೆರೆಯುತ್ತಿದ್ದರೆಂದು ಉಸ್ತಾದ್ ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು. ಆ ಬ್ಯಾಂಕು ಕಟ್ಟಿದ ಹಿರಿಯರು ಬಾಗಿಲು ಮಾಡುವವರಿಗೆ ಹಟ ಹಿಡಿದು, ಮೊದಲು ಕ್ಯಾಷಿಯರನ ಬೀಗ ತಿರುಗಬೇಕು, ಆಮೇಲೆ ಮ್ಯಾನೇಜರನದು ಎಂದು ಮಾಡಿಸಿದ್ದರು. ಜನರ ದುಡ್ಡನ್ನು ದಿನವೂ ಕೈಯಲ್ಲಿ ಮುಟ್ಟುವವನು ಮುಂದೆ, ಸಹಿ ಹಾಕುವವನು ಹಿಂದೆ ಎಂಬುದು ಅವರ ಎಣಿಕೆ. ಈ ವರಸೆ ತಪ್ಪಿದರೆ ಒಳಗೊಂದು ಅಡ್ಡಪಟ್ಟಿ ಬೀಳುತ್ತದೆ. ವರ್ಷಿಣಿ ಕೇಳಿದ ಟಕ್ ಎಂಬ ಸದ್ದು ಅದೇ.

ಆ ಬಾಗಿಲು ಇಲ್ಲಿಗೆ ಬಂದದ್ದು ಹೇಗೆ? ಬಡಾಬಜಾರಿನ ಕುಮಾರಧಾರಾ ಶಾಖೆ ಬ್ಯಾಂಕುಗಳು ಸೇರಿದ ಮೇಲೆ ಮುಚ್ಚಿತು. ಎಪ್ಪತ್ತೆಂಟರ ಪ್ರವಾಹದ ನೀರು ನಿಂತು ದಕ್ಷಿಣೇಶ್ವರದ ಹಳೆಯ ಬಾಗಿಲು ಹಾಳಾಯಿತು. ಯಾರೋ ಪುಣ್ಯಾತ್ಮರು ಬಡಾಬಜಾರಿನದನ್ನು ಲಾರಿಗೆ ಹಾಕಿ ಇಲ್ಲಿಗೆ ತಂದು ಕೂರಿಸಿದರು. ಕಾಗದದಲ್ಲಿ ಹಳೆಯ ಹೆಸರೇ ಉಳಿಯಿತು. ಇದಿಷ್ಟನ್ನು ವರ್ಷಿಣಿ ಆಮೇಲೆ ಹಳೆಯ ಪತ್ರಗಳಲ್ಲಿ ಹುಡುಕಿ ಕಂಡುಕೊಂಡರು. ಅರ್ಧ ಶತಮಾನ ಆ ಬಾಗಿಲು ಪರರ ಹೆಸರಿನಲ್ಲಿ ನಿಂತಿತ್ತು. ಅದರ ನಿಜವಾದ ನಡೆ ಒಬ್ಬ ಕ್ಯಾಷಿಯರನಿಂದ ಇನ್ನೊಬ್ಬ ಕ್ಯಾಷಿಯರನ ಕೈಗೆ, ಮಾತಿಲ್ಲದೆ, ಹರಿದು ಬಂದಿತ್ತು.

ಆಮೇಲಿನದು ಅರ್ಧ ತಾಸಿನ ಕೆಲಸ. ಎರಡೂ ಕೀಗಳನ್ನು ಮೊದಲಿನ ಜಾಗಕ್ಕೆ ಮರಳಿಸಿದರು. ಚಕ್ರವನ್ನು ಅರ್ಧ ಸುತ್ತು ಹಿಂದಕ್ಕೆ ತಂದು, ಹೆಗಲನ್ನು ಬಾಗಿಲಿಗೆ ಕೊಟ್ಟು, ಕಣ್ಣು ಮುಚ್ಚಿ ಹನ್ನೊಂದು ಸಲ ನಮಃ ಶಿವಾಯ ಎಂದರು. ಒಳಗೆ ಪಟ್ಟಿ ಮೇಲೆದ್ದು ಕೂರಲು ಅಷ್ಟು ಹೊತ್ತು ಬೇಕು. ಆಮೇಲೆ ಮೊದಲು ಕ್ಯಾಷಿಯರ್, ಹಿಂದಿನಿಂದ ವರ್ಷಿಣಿ. ಹತ್ತು ಅಗುಳಿಗಳೂ ಒಟ್ಟಿಗೆ ಸರಿದವು. ಆಗ ಗಂಟೆ ಎಂಟು. ಹನ್ನೊಂದಕ್ಕೆ ಬಂದ ಕಟರಿನವರಿಗೆ ಪುರುಷೋತ್ತಮ ಗೇಟಿನಲ್ಲೇ ಚಹಾ ಕೊಟ್ಟು ಕಳಿಸಿದರು.

ಹತ್ತು ಗಂಟೆಗೆ ನೀಹಾರಬಾಲಾ ಬಂದಾಗ ಬಾಗಿಲು ತೆರೆದಿತ್ತು, ಅದಕ್ಕೆ ಬೆನ್ನು ಮಾಡಿ ಒಬ್ಬ ಮನುಷ್ಯ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ಅಜ್ಜಿ ಸ್ಟ್ರಾಂಗ್ ರೂಮಿನಿಂದ ಹೊರಬಂದು, ಡಬ್ಬಿಯನ್ನು ಎದೆಗವಚಿಕೊಂಡೇ, ಈತ ಯಾಕೆ ಶಿಕ್ಷೆ ಕೊಟ್ಟ ಹುಡುಗನ ಹಾಗೆ ನಿಂತಿದ್ದಾನೆ ಎಂದು ಕೇಳಿದರಂತೆ. ವರ್ಷಿಣಿ ಕಾರಣ ಹೇಳಿದರು. ಅಜ್ಜಿ, ಅಷ್ಟಮಿಯ ದಿನ ಮನೆಯವರನ್ನೆಲ್ಲ ಕರೆದುಕೊಂಡು ಬಾ ಎಂದು ಅವರ ಬೆನ್ನಿಗೇ ಹೇಳಿ ಹೋದರು.

ಅಷ್ಟಮಿಯ ದಿನ ನಡೆದದ್ದನ್ನು ತುಳಸಿ ಹೇಳಬೇಕು, ಕಲ್ಲಪ್ಪ ಹೇಳುವುದಿಲ್ಲ. ಘೋಷಾಲರ ಮನೆಯ ಅಂಗಳದಲ್ಲಿ ನೂರು ಜನ. ಢಾಕಿಗಳ ಡೋಲು ಏರಿತು, ಪುರೋಹಿತರು ದೇವಿಯ ಮುಂದಿನ ಪರದೆ ಸರಿಸಿದರು. ಆ ಸರಕ್ಕನೆಯ ಸಪ್ಪಳಕ್ಕೆ ಕಲ್ಲಪ್ಪ, ಇಷ್ಟು ವರ್ಷದ ರೂಢಿ, ಗಪ್ಪನೆ ತಿರುಗಿ ಗೋಡೆಗೆ ಮುಖ ಮಾಡಿದರು. ಪೂರ್ವಿ ನಾಚಿಕೆಯಿಂದ ಅಪ್ಪನ ತೋಳು ಎಳೆದಳು. ಸುತ್ತಲಿನವರು ನಕ್ಕರು. ನೀಹಾರಬಾಲಾ ಮಾತ್ರ ನಗಲಿಲ್ಲ. ಹತ್ತಿರ ಬಂದು, ಇವರ ಎರಡೂ ಭುಜ ಹಿಡಿದು ಮೆಲ್ಲಗೆ ಇತ್ತ ತಿರುಗಿಸಿದರು.

"ಇದಕ್ಕೆ ಬೆನ್ನು ಮಾಡಬಾರದು, ಬಾಬಾ. ಇದನ್ನು ನೋಡಲಿಕ್ಕೆಂದೇ ನೀನು ತೆರೆದದ್ದು."

ಕಲ್ಲಪ್ಪ ನೋಡಿದರು. ಹಣೆಯ ನಡುವೆ ಹುಣಸೆಬೀಜದಷ್ಟು ಬೆಳಕು. ಮನೆಗೆ ಮರಳುವ ಲೋಕಲ್ ತಪ್ಪಿದ್ದೂ ಇವರಿಗೆ ಗೊತ್ತಾಗಲಿಲ್ಲವಂತೆ.

ಆ ಪೂಜೆಯ ನಂತರ ಬ್ಯಾಂಕು ಕಲ್ಲಪ್ಪನಿಗೆ ಒಂದು ಪತ್ರ ಕೊಟ್ಟಿತು. ಹಳೆಯ ಬಾಗಿಲುಗಳನ್ನು ಬದಲಿಸಿ ಮುಗಿಯುವವರೆಗೆ ಅವುಗಳ ಆರೈಕೆ ಇವರದು. ಆಗ ಅರವತ್ತೊಂದಿದ್ದವು. ಈಗ ಐವತ್ತೆರಡು. ನಂಬರು ಒತ್ತಿದರೆ ತೆರೆಯುವ ಹೊಸ ಬಾಗಿಲುಗಳು ಒಂದೊಂದಾಗಿ ಬರುತ್ತಿವೆ. ದಕ್ಷಿಣೇಶ್ವರದ ಸರದಿ ಈ ವರ್ಷದ ಪೂಜೆ ಕಳೆದ ಮೇಲೆ, ಒಳಗಿನದ್ದನ್ನೆಲ್ಲ ಪಕ್ಕದ ಶಾಖೆಗೆ ಸಾಗಿಸಿದ ಬಳಿಕ. ಗೋಡೆಯಿಂದ ಬಿಡಿಸುವ ಬಗೆ ತಿಳಿಯದೆ ಗುತ್ತಿಗೆಯವರು ಹಳೆಯದನ್ನು ನಿಂತಲ್ಲೇ ತುಂಡು ತುಂಡಾಗಿ ಕೊಯ್ದು ಗುಜರಿಗೆ ಹಾಕುತ್ತಾರೆ. ಇದನ್ನು ತಡೆಯಿರೆಂದು ಕಲ್ಲಪ್ಪ ಹೇಳುವುದಿಲ್ಲ. ಹೊಸದು ಬರಲಿ, ಅದರಲ್ಲಿ ತಪ್ಪೇನಿದೆ ಎನ್ನುತ್ತಾರೆ. ಪ್ರಾದೇಶಿಕ ಕಚೇರಿಗೆ ಪೂರ್ವಿಯ ಕೈಯಲ್ಲಿ ಇಂಗ್ಲಿಷಿನಲ್ಲಿ ಒಂದು ಅರ್ಜಿ ಮಾತ್ರ ಬರೆಸಿದ್ದಾರೆ. ವರ್ಷಿಣಿ ಅದಕ್ಕೆ ತಮ್ಮ ಶಿಫಾರಸು ಸೇರಿಸಿ ಕಳಿಸಿ ಎರಡು ತಿಂಗಳಾಯಿತು. ಉತ್ತರ ಬಂದಿಲ್ಲ.

ಏಳು ಗಂಟೆ ಹೊಡೆಯುತ್ತದೆ. ಎಣ್ಣೆ ಇಳಿದು ಮುಗಿದಿದೆ. ಪುರುಷೋತ್ತಮ ಹೊರಗಿನಿಂದ ಹೊಸ ದಾಸವಾಳದ ಸರ ತಂದು ಕೊಕ್ಕೆಗೆ ಏರಿಸುತ್ತಾರೆ. ವರ್ಷಿಣಿ ಕ್ಯಾಷಿಯರನ ಕಡೆ ನೋಡಿ ತಲೆಯಾಡಿಸುತ್ತಾರೆ. ಮೊದಲು ಅವರ ಕೀ, ಆಮೇಲೆ ಇವರ ಕೀ. ಕಲ್ಲಪ್ಪ ಚಕ್ರ ತಿರುಗಿಸುತ್ತಾರೆ. ಹತ್ತೂ ಅಗುಳಿ ಒಂದೇ ಉಸಿರಿಗೆ ಸರಿಯುತ್ತವೆ.

ನೀವೂ ತಿರುಗ್ರಿ ಎಂದು ನಮಗೂ ಹೇಳಿ ಇವರು ಗೋಡೆಗೆ ಮುಖ ಮಾಡುತ್ತಾರೆ. ಬೆನ್ನ ಹಿಂದೆ ಬಾಗಿಲು ತೆರೆದದ್ದು ತಣ್ಣನೆಯ ಗಾಳಿಯಿಂದ ಗೊತ್ತಾಗುತ್ತದೆ. ಅರ್ಜಿಯಲ್ಲಿ ಏನು ಬರೆಸಿದಿರಿ ಎಂದು ಗೋಡೆ ನೋಡುತ್ತಲೇ ಕೇಳಿದರೆ, ಗೋಡೆ ನೋಡುತ್ತಲೇ ಹೇಳುತ್ತಾರೆ.

"ಕೊಯ್ಯಬ್ಯಾಡ್ರಿ, ನನ್ನ ಕರೀರಿ ಅಂತ ಬರಸೀನ್ರಿ. ಎರಡ ತಾಸಿನ ಕೆಲಸ. ಕೀಲಿನ ಮೊಳಿ ಬಿಚ್ಚಿ, ಹೆಗಲ ಕೊಟ್ಟು, ನೆಟ್ಟಗ ಇಳಸ್ತೀನಿ. ಕೂಲಿ ಬ್ಯಾಡ. ಇಳಿಸಿದ ಮ್ಯಾಲ ಆವತ್ತೊಂದ ದಿನ ಒಳಗ ಒಮ್ಮೆ ನೋಡ್ತೀನಿ. ಆವತ್ತ ನೋಡಬಹುದಲ್ರಿ, ಒಳಗ ಯಾರದೂ ಏನೂ ಇರೂದಿಲ್ಲ."